ಹಾವನೂರು ವರದಿ ಕೇಳಿದರೆ ಹಾವನೂರು ವರದಿಯೇ ಸಿಗಬೇಕು

ಸರ್ಕಾರಿ ಪ್ರಕಟಣೆಗಳನ್ನು ಜನ ಯಾವ ಹೆಸರಿನಿಂದ ಕೇಳುತ್ತಾರೋ ಆ ಹೆಸರಿಗೂ ಕ್ಯಾಟಲಾಗಿನಲ್ಲಿ ಜಾಗ ಕೊಡಬೇಕು ಅಂದಾಗ ನಮ್ಮ ಗ್ರಂಥಪಾಲಕ ವೃತ್ತಿಯವರೇ ನಕ್ಕಿದ್ದರು. "ಎಎಸಿಆರ್-2 ಓದೀರೋ ಇಲ್ಲೋ?" ಅಂತ ಒಬ್ಬರು ಸಭೆಯಲ್ಲೇ ಕೇಳಿದರು, ಕ್ಯಾಟಲಾಗ್ ಮಾಡುವ ನಿಯಮಗಳ ಪುಸ್ತಕ ಅದು. ಓದಿದ್ದೇನೆ. ಈಗ ನಮ್ಮ ಗ್ರಂಥಾಲಯದ ಸರ್ಕಾರಿ ಪ್ರಕಟಣೆಗಳ ವಿಭಾಗಕ್ಕೆ ತಿಂಗಳಿಗೆ 50-60 ಜನ ಬರುತ್ತಾರೆ, ಅರ್ಧದಷ್ಟು ಕಾಲೇಜಿನ ಹೊರಗಿನವರು. ಮೊದಲು ವರ್ಷಕ್ಕೆ ಹತ್ತು ಜನ ಬಂದರೆ ಜಾಸ್ತಿ.

ನಮ್ಮದು ಹಾವೇರಿ ಜಿಲ್ಲೆಯ ಒಂದು ಅನುದಾನಿತ ಕಾಲೇಜು. ಸರ್ಕಾರಿ ಪ್ರಕಟಣೆಗಳು ಹೆಚ್ಚುಕಡಿಮೆ 2,500 ಇವೆ, ರಾಜ್ಯಪತ್ರದ ಸಂಚಿಕೆಗಳು ಬೇರೆ. ಕೆಲವು ವಕೀಲರೊಬ್ಬರ ಮನೆಯವರು ಕೊಟ್ಟದ್ದು. ಉಳಿದದ್ದು ರದ್ದಿ ಅಂಗಡಿಯದು, ಕಿಲೋಗೆ 12-15 ರೂಪಾಯಿ. ಒಂದು ಕಚೇರಿ ಕಟ್ಟಡ ಬದಲಿಸುವಾಗ ಹಳೇ ಜನಗಣತಿ ಕೈಪಿಡಿಗಳನ್ನೆಲ್ಲ ತೂಕಕ್ಕೆ ಹಾಕಿತ್ತು. ರದ್ದಿಯವನು ಎಲ್ಲರಿಗಿಂತ ಮೊದಲು ನನಗೇ ಫೋನ್ ಮಾಡುವ ಹಾಗೆ ಹೇಗೆ ಮಾಡಿಕೊಂಡೆ ಅನ್ನೋದನ್ನು ಮಾತ್ರ ಹೇಳಲ್ಲ.

ಮೊದಲು ಕೆಟ್ಟದ್ದನ್ನು ಹೇಳಿಬಿಡ್ತೀನಿ. ಆಡಳಿತ ಮಂಡಳಿ ಒಂದು ಏಜೆನ್ಸಿಗೆ ದಾಖಲೆಗೆ 10 ರೂಪಾಯಿಯಂತೆ ಡಾಟಾ ಎಂಟ್ರಿ ಕೊಟ್ಟಿತ್ತು. ಸುಮಾರು 2,000 ದಾಖಲೆ, 20 ಸಾವಿರ ರೂಪಾಯಿ. ಗ್ರಂಥಾಲಯದ ತಂತ್ರಾಂಶ ಕೊಹಾಗೆ ಹಾಕಿ ನೋಡಿದರೆ ಕರ್ತೃ ಎಲ್ಲದಕ್ಕೂ 'ಕರ್ನಾಟಕ ಸರ್ಕಾರ'. ಶೀರ್ಷಿಕೆ 'ವಾರ್ಷಿಕ ವರದಿ' ಅಂತಿರೋದೇ ನಾನೂರರ ಹತ್ತಿರ. ಯಾವ ಇಲಾಖೆ, ಯಾವ ವರ್ಷ ಅನ್ನೋದು ಕಪಾಟಿನ ಹತ್ತಿರ ಹೋದರೇ ಗೊತ್ತಾಗಬೇಕು.

ಅದಕ್ಕಿಂತ ಹಿಂದಿನ ಒಂದು ಎಕ್ಸೆಲ್ ಪಟ್ಟಿ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿತ್ತು. ಯೂನಿಕೋಡ್‌ಗೆ ತಂದಾಗ ಅರ್ಕಾವತ್ತುಗಳೆಲ್ಲ ಒಂದು ಅಕ್ಷರ ಆಚೆ ಹೋಗಿ ಕೂತವು. ಹೀಗಾಗಿ ನಮ್ಮ ಕ್ಯಾಟಲಾಗಿನಲ್ಲಿ ಬಹಳ ದಿನ 'ಕನಾರ್ಟಕ ಸಕಾರ್ರ' ಆಳ್ವಿಕೆ ನಡೆಸಿತು. ಅದನ್ನು ತಿದ್ದುವ ಹೊತ್ತಿಗೆ ಇನ್ನೊಂದು ಎದ್ದಿತು. ನಮ್ಮ ಕಡೆ 'ಸರಕಾರ' ಅಂತ ಬರೆಯುವವರೇ ಜಾಸ್ತಿ, ಮುಖಪುಟದಲ್ಲಿ ಇರೋದು 'ಸರ್ಕಾರ'. ಒಂದನ್ನು ಹುಡುಕಿದರೆ ಇನ್ನೊಂದು ಬರಲ್ಲ.

ಕೊಹಾ ಬಳಸುವವರಿಗೆ ಒಂದು ಮಾತು. ಅದರ ಹುಡುಕಾಟದ ಎಂಜಿನ್ ಝೀಬ್ರಾದ ಮಾಮೂಲಿ ಇಂಡೆಕ್ಸಿಂಗ್‌ನಲ್ಲಿ ಕನ್ನಡ ಹುಡುಕಾಟ ಸರಿ ಹೋಗಲ್ಲ, ಯೂನಿಕೋಡ್ ಅಕ್ಷರಗಳನ್ನು ಬಿಡಿಸುವ ಐಸಿಯು ಹಾಕಿ ಪೂರ್ತಿ ರೀಇಂಡೆಕ್ಸ್ ಮಾಡಲೇಬೇಕು. ಐಸಿಯು ನಿಯಮದಲ್ಲೇ ಎರಡು ಸಾಲು ಸೇರಿಸಿದೆ. ಒಂದು, 'ಬಜೆಟ್‌ನಲ್ಲಿ' ಅನ್ನುವಂಥ ಕಡೆ ಅಕ್ಷರಗಳು ಕೂಡಿಕೊಳ್ಳದಂತೆ ಕಣ್ಣಿಗೆ ಕಾಣದೆ ಕೂತಿರುವ ಚಿಹ್ನೆಯನ್ನು ಕಿತ್ತುಹಾಕೋದು. ಎರಡು, ೧೯೭೫ ಮತ್ತು 1975 ಎರಡನ್ನೂ ಒಂದೇ ಅಂತ ನೋಡೋದು. ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ ಇದಕ್ಕೆ 8 ಸಾವಿರ ಕೇಳಿದ್ದ. ನಾನೇ ಕೂತು ಮಾಡಿದೆ.

ಈಗ ಅಸಲು ವಿಷಯ. ಕೌಂಟರಿನಲ್ಲಿ ಒಂದು ಉದ್ದನೆ ನೋಟ್‌ಬುಕ್ ಇಟ್ಟು, ಬಂದವರು ಏನು ಕೇಳಿದರೋ ಅದನ್ನು ಅವರ ಮಾತಲ್ಲೇ ಬರೆದುಕೊಂಡೆ. ಒಂದು ವರ್ಷದ ಮೇಲೇ ನಡೆಯಿತು. ಯಾರೂ 'ಕರ್ನಾಟಕ ಹಿಂದುಳಿದ ವರ್ಗಗಳ ಆಯೋಗದ ವರದಿ, 1975' ಅಂತ ಕೇಳಲಿಲ್ಲ. 'ಹಾವನೂರು ವರದಿ' ಅಂದರು. 'ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿ' ಅಂತ ಹೇಳೋಕೆ ಯಾರಿಗೆ ಪುರಸೊತ್ತು? 'ನಂಜುಂಡಪ್ಪ ವರದಿ' ಅಷ್ಟೇ. ಮಹಿಷಿ ವರದಿ, ಗೋಕಾಕ್ ವರದಿ, ಮಹಾಜನ ವರದಿ ಎಲ್ಲ ಹಾಗೇ. ನಮ್ಮ ಜನಕ್ಕೆ ವರದಿ ಅಂದರೆ ಅಧ್ಯಕ್ಷರ ಹೆಸರು.

ಕ್ಯಾಟಲಾಗ್ ದಾಖಲೆಯ ಪ್ರತಿ ಅಂಕಣಕ್ಕೂ ಒಂದು ಮಾರ್ಕ್ (MARC) ಸಂಖ್ಯೆ ಇರುತ್ತೆ. ಹಾಗಾಗಿ 110 (ಕರ್ತೃ ಸಂಸ್ಥೆ), 245 (ಶೀರ್ಷಿಕೆ) ಎರಡನ್ನೂ ನಿಯಮದ ಪ್ರಕಾರವೇ ಬಿಟ್ಟೆ, ಮುಟ್ಟಲಿಲ್ಲ. 246ರಲ್ಲಿ ಜನ ಕರೆಯುವ ಹೆಸರು, 653ರಲ್ಲಿ ಅವರು ಯಾಕೆ ಕೇಳುತ್ತಾರೋ ಆ ಮಾತು. ನಂಜುಂಡಪ್ಪ ವರದಿಯನ್ನೇ ನೋಡಿ. 2002ರ ಆ ವರದಿ 175 ತಾಲೂಕುಗಳಲ್ಲಿ 114 ಹಿಂದುಳಿದವು ಅಂದಿತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಕೆಎಎಸ್ ಓದುವ ಹುಡುಗರಾಗಲಿ, ತಾಲೂಕು ಪಂಚಾಯಿತಿಯವರಾಗಲಿ ಕೇಳೋದು ಒಂದೇ: "ನಮ್ಮ ತಾಲೂಕು ಯಾವ ಪಟ್ಟಿಯಾಗ ಐತ್ರಿ?" ಅದಕ್ಕೆ ನಮ್ಮ ಜಿಲ್ಲೆಯ ತಾಲೂಕುಗಳ ಹೆಸರನ್ನೆಲ್ಲ ಪುಟಸಂಖ್ಯೆ ಸಮೇತ ಟಿಪ್ಪಣಿಗೆ ಹಾಕಿದೆ. ಒಂದು ದಾಖಲೆಗೆ 20 ನಿಮಿಷ ಬೇಕಾಗುತ್ತೆ. "ಹಿಂಗ ಮಾಡಿದ್ರ ರಿಟೈರ್ ಆಗೋತನಕ ಮುಗಿಯಂಗಿಲ್ಲ" ಅಂದವರಿದ್ದರು. ಎಲ್ಲದಕ್ಕೂ 20 ನಿಮಿಷ ಯಾರು ಕೊಡ್ತಾರೆ? ನೋಟ್‌ಬುಕ್ಕಿನಲ್ಲಿ ಬಂದದ್ದಕ್ಕೆ ಮಾತ್ರ. ಅದು ಮುನ್ನೂರು ಚಿಲ್ಲರೆ. ಬಾಕಿಯದ್ದಕ್ಕೆ ಇಲಾಖೆ, ವರ್ಷ ಸರಿಪಡಿಸಿ ಕೈಬಿಟ್ಟೆ.

ಅದೇ ನೋಟ್‌ಬುಕ್ಕಿನಿಂದ ಗೊತ್ತಾದ ಇನ್ನೊಂದು: ಗೆಜೆಟ್ (ರಾಜ್ಯಪತ್ರ) ಬೇಕಾದವರು ಗೆಜೆಟಿಯರ್ (ಜಿಲ್ಲೆಯ ವಿವರಗಳ ಗ್ರಂಥ) ಅಂತಾರೆ, ಗೆಜೆಟಿಯರ್ ಬೇಕಾದವರು ಗೆಜೆಟ್ ಅಂತಾರೆ. ಮೇಷ್ಟರುಗಳೂ ಸೇರಿ. ಎರಡಕ್ಕೂ ಎರಡೂ ಪದ ಹಾಕಿಬಿಟ್ಟೆ.

ಹೆಚ್ಚು ತಲೆ ತಿಂದದ್ದು ಊರುಗಳ ಹೆಸರು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. 1961ರ ಜನಗಣತಿ ಕೈಪಿಡಿ ಇರೋದು ಧಾರವಾಡ ಜಿಲ್ಲೆ ಅಂತ, ಅದೂ ಮೈಸೂರು ರಾಜ್ಯದ್ದು. ಓದುಗರು ಕಂಪ್ಯೂಟರಿನಲ್ಲಿ ಹುಡುಕುವ ಕ್ಯಾಟಲಾಗಿನಲ್ಲಿ (ಓಪ್ಯಾಕ್) 'ಹಾವೇರಿ' ಅಂತ ಕೊಟ್ಟರೆ 1997ಕ್ಕಿಂತ ಹಿಂದಿನದು ಏನೂ ಇಲ್ಲ. 1884ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ ಧಾರವಾಡ ಸಂಪುಟಕ್ಕೆ ಹೋದರಂತೂ ತಾಲೂಕುಗಳೇ ಬೇರೆ. ಹಾವೇರಿ ಇರೋದು ಕರಜಗಿ ತಾಲೂಕಿನಲ್ಲಿ. ಹಿರೇಕೆರೂರು ಕಡೆಯವರು ಕೋಡ ತಾಲೂಕಿಗೆ ಹೋಗಬೇಕು, ಶಿಗ್ಗಾವಿಯವರು ಬಂಕಾಪುರಕ್ಕೆ. ಇದಕ್ಕೆ ಅಥಾರಿಟಿ ಫೈಲೇ ಮದ್ದು, ಅಂದರೆ ಒಂದೇ ಊರಿನ ಬೇರೆ ಬೇರೆ ಹೆಸರುಗಳನ್ನು ಒಂದಕ್ಕೊಂದು ಜೋಡಿಸುವ ಕಡತ. 151ರಲ್ಲಿ ಈಗಿನ ಹೆಸರು, 451ರಲ್ಲಿ ಬೇರೆ ಬೇರೆ ಸ್ಪೆಲ್ಲಿಂಗ್, 551ರಲ್ಲಿ ಹಳೇ ತಾಲೂಕು. ಇಂಗ್ಲಿಷ್ ದಾಖಲೆಗಳಲ್ಲಿ ಹಳ್ಳಿಗಳ ಹೆಸರು ಹೇಗೆಲ್ಲ ಕೆಟ್ಟಿವೆ ಅಂತ ಮೊದಲೇ ಊಹಿಸೋಕೆ ನನ್ನದೇ ಒಂದು ಲೆಕ್ಕ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ರಾಜ್ಯಪತ್ರದ ಕಥೆ ಬೇರೆ. ಪೂರ್ತಿ ಇಂಡೆಕ್ಸ್ ಮಾಡ್ತೀನಿ ಅಂತ ಹೊರಟರೆ ಮುಗೀತು. ನಾನು ಮಾಡಿದ್ದು ನಮ್ಮ ಜಿಲ್ಲೆಯ ಹಳ್ಳಿ ಹೆಸರಿರುವ ಭೂಸ್ವಾಧೀನ ಅಧಿಸೂಚನೆಗಳನ್ನು ಮಾತ್ರ. ತುಂಗಾ ಮೇಲ್ದಂಡೆ ಕಾಲುವೆಗೆ ಹೊಲ ಹೋದವರು ಬಂದು "ಫೋರ್ ಒನ್ ಬೇಕ್ರಿ" ಅಂತಾರೆ. 1894ರ ಕಾಯ್ದೆಯ 4(1)ನೇ ಕಲಮಿನ ಅಧಿಸೂಚನೆ ಅದು. ಹಳ್ಳಿ, ಸರ್ವೆ ನಂಬರ್ ಎಲ್ಲ ಒಳಗಿನ ಕೋಷ್ಟಕದಲ್ಲಿ, ಸಣ್ಣ ಅಕ್ಷರದಲ್ಲಿ. ಈಗ ಹಳ್ಳಿ ಹೆಸರು ಹೊಡೆದರೆ ಸಂಚಿಕೆಯ ತಾರೀಖು, ಪುಟ ಎರಡೂ ಬರುತ್ತೆ. ಒಬ್ಬ ವಕೀಲರು ಇದನ್ನು ನೋಡಿ, ಬೆಂಗಳೂರಿಗೆ ಹೋಗೋದು ತಪ್ಪಿತು ಅಂತ ಒಂದು ಕಪಾಟನ್ನೇ ಮಾಡಿಸಿಕೊಟ್ಟರು. ಈ ಕೆಲಸದಲ್ಲಿ ಒಂದು ತಮಾಷೆಯೂ ಆಯ್ತು. ರಾಜ್ಯಪತ್ರದ ನೆತ್ತಿಯ ಮೇಲೆ ಇಂಗ್ಲಿಷ್ ತಾರೀಖಿನ ಪಕ್ಕ ಶಕ ವರ್ಷವೂ ಇರುತ್ತೆ. 2014ರ ಮಾರ್ಚ್ ಸಂಚಿಕೆಯಲ್ಲಿ ಶಕ ೧೯೩೫. ಒಬ್ಬ ವಿದ್ಯಾರ್ಥಿ ಆ ಕಟ್ಟನ್ನೆಲ್ಲ 1935ನೇ ಇಸವಿಗೆ ಸೇರಿಸಿದ್ದ. ಕರ್ನಾಟಕ ಅನ್ನೋ ರಾಜ್ಯ ಹುಟ್ಟುವ ಮೊದಲೇ ಕರ್ನಾಟಕ ರಾಜ್ಯಪತ್ರ!

ನಡುವೆ ಓಸಿಆರ್, ಅಂದರೆ ಸ್ಕ್ಯಾನ್ ಮಾಡಿದ ಚಿತ್ರದಿಂದ ಅಕ್ಷರ ಎತ್ತಿಸುವ ಹುಚ್ಚೂ ಹಿಡಿದಿತ್ತು. ಅದಕ್ಕಿರುವ ಟೆಸರಾಕ್ಟ್ ತಂತ್ರಾಂಶ ಹೊಸ ಕಂಪ್ಯೂಟರ್ ಮುದ್ರಣದ ಪುಟಗಳಿಗೆ ಪರವಾಗಿಲ್ಲ. ಮೊಳೆಯಚ್ಚಿನ ಹಳೇ ಸಂಚಿಕೆಯಲ್ಲಿ ಒತ್ತಕ್ಷರ ಬಂದರೆ ಕೈ ಎತ್ತುತ್ತೆ, ಕೋಷ್ಟಕ ಬಂದರೆ ಕೇಳಲೇಬೇಡಿ. ಒಂದು ಪುಟ ತಿದ್ದುವ ಹೊತ್ತಲ್ಲಿ ಎರಡು ಪುಟ ಟೈಪ್ ಮಾಡಬಹುದು. ಬಿಟ್ಟೆ. ಕಪಾಟಿಗೆ ಕ್ಯೂಆರ್ ಕೋಡ್ ಅಂಟಿಸಿದ್ದೆ, ಯಾರೂ ಮುಟ್ಟಲಿಲ್ಲ. ನಿರೀಕ್ಷೆಯಿಲ್ಲದೆ ಗೆದ್ದದ್ದು ಎ4 ಹಾಳೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿಗೆ, ಆ ಪಂಚಾಯಿತಿಯ ಊರುಗಳ ಬಗ್ಗೆ ನಮ್ಮಲ್ಲಿ ಏನೇನಿದೆ ಅಂತ ಒಂದೇ ಹಾಳೆಯ ಪಟ್ಟಿ ಮುದ್ರಿಸಿ ಕೊಟ್ಟೆ. ಹೊರಗಿನಿಂದ ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ಅದೇ ಹಾಳೆ ಇರುತ್ತೆ.

ಸ್ಕ್ಯಾನ್ ಮಾಡಿ ಹಾಕೋಕೆ ಹೋದಾಗ ಕಾಪಿರೈಟ್ ಅಂತ ಹೆದರಿಸಿದವರಿಗೆ 1957ರ ಕಾಯ್ದೆಯ 52(1)(ಕ್ಯೂ) ತೋರಿಸಿದೆ. ರಾಜ್ಯಪತ್ರದಲ್ಲಿ ಬಂದ ಅಧಿಸೂಚನೆಗಳನ್ನು ಮರುಮುದ್ರಿಸಬಹುದು; ಸದನದಲ್ಲಿ ಮಂಡಿಸಿದ ಆಯೋಗಗಳ ವರದಿಗಳನ್ನೂ, ಸರ್ಕಾರ ಬೇಡ ಅಂದಿಲ್ಲದಿದ್ದರೆ, ಮರುಮುದ್ರಿಸಬಹುದು. ಇಲಾಖೆಗಳ ಜಾಲತಾಣದಲ್ಲಿರುವ ಪಿಡಿಎಫ್‌ಗಳನ್ನೂ ಇಳಿಸಿಟ್ಟುಕೊಳ್ತೀನಿ. ತಾಣ ಹೊಸದಾದಾಗಲೆಲ್ಲ ಹಳೇ ಲಿಂಕ್ ಹೋಗುತ್ತೆ, 856ರಲ್ಲಿ ಅದನ್ನೇ ಕೊಟ್ಟವರು ಕೂತು ಅಳಬೇಕು.

ಖರ್ಚು ನೆನಪಿನಿಂದ ಹೇಳೋದಾದರೆ: ಹಳೇ ಡೆಸ್ಕ್‌ಟಾಪ್ 15 ಸಾವಿರ, ಸ್ಕ್ಯಾನರ್ 25ರ ಹತ್ತಿರ, ವಿದ್ಯಾರ್ಥಿಗಳಿಗೆ ದಿನಕ್ಕೆ 150ರಂತೆ ಕೊಟ್ಟದ್ದು ಮೂವತ್ತು ಸಾವಿರ ಇರಬಹುದು, ರದ್ದಿಗೆ ಆರೇಳು ಸಾವಿರ. ಏಜೆನ್ಸಿಗೆ ಹೋದ 20 ಸಾವಿರ ಸೇರಿಸಿದರೆ ಲಕ್ಷದ ಒಳಗೇ. ರದ್ದಿಯ ದುಡ್ಡು ಪೂರ್ತಿ ನನ್ನ ಜೇಬಿನದು, ಅದಕ್ಕೆ ಬಿಲ್ ಎಲ್ಲಿಂದ ತರಲಿ?

ಹಳೇ ಧಾರವಾಡ ಜಿಲ್ಲೆಯ ಗ್ರಂಥಪಾಲಕರು ಯಾರಾದರೂ ಕೇಳಿದರೆ ಅಥಾರಿಟಿ ಫೈಲ್ ಕೊಡ್ತೀನಿ, ಗದಗಿನವರಿಗೂ ಆಗುತ್ತೆ. ಬಳ್ಳಾರಿಯವರು ಮದ್ರಾಸ್ ಪ್ರಾಂತ್ಯದ ದಾಖಲೆಗಳಿಂದ, ಕಲಬುರಗಿ, ರಾಯಚೂರು ಕಡೆಯವರು ಹೈದರಾಬಾದ್ ಸಂಸ್ಥಾನದ ದಾಖಲೆಗಳಿಂದ ತಮ್ಮದನ್ನು ತಾವೇ ಕಟ್ಟಿಕೊಳ್ಳಬೇಕು. ನೋಟ್‌ಬುಕ್ ಮಾತ್ರ ಇವತ್ತೇ ಶುರು ಮಾಡಿ, 40 ರೂಪಾಯಿ ಖರ್ಚು.