ಚಿಕ್ಕಪ್ಪನಿಗೆ ಹ್ಯಾಂಬರ್ಗ್ ತೋರಿಸಿದ್ದು

ಊರಿಂದ ಯಾರೇ ಬರಲಿ, ಹ್ಯಾಂಬರ್ಗ್ ಸುತ್ತಿಸುವ ಕೆಲಸ ನನ್ನದೇ. ಮೊದಲ ಸಲ ಎಡವಟ್ಟು ಮಾಡಿಕೊಂಡಿದ್ದೆ. ಅತ್ತೆ ಮಾವನಿಗೆ ದೋಣಿಯಲ್ಲಿ ಹಳೇ ಗೋದಾಮುಗಳ ಕಾಲುವೆ ತೋರಿಸೋಣ ಅಂತ ಹೋದರೆ, ಅಲ್ಲಿ ನೀರೇ ಇಲ್ಲ! ಬರೀ ಕೆಸರು. ಸಮುದ್ರ ಸುಮಾರು 100 ಕಿ.ಮೀ. ದೂರ ಇದೆ, ಆದರೂ ಈ ಕಾಲುವೆಗೆ ನೀರು ಬರುವ ಎಲ್ಬೆ ನದಿ ಉಬ್ಬರ ಇಳಿತಕ್ಕೆ ದಿನಕ್ಕೆ ಎರಡು ಸಲ ಮೂರೂವರೆ ಮೀಟರ್‌ಗಿಂತ ಜಾಸ್ತಿ ಏರಿ ಇಳಿಯುತ್ತದೆ. ಈಗ ಉಬ್ಬರದ ಹೊತ್ತು ನೋಡದೆ ಮನೆ ಬಿಡುವುದಿಲ್ಲ. ತೀರಾ ಉಬ್ಬರವೂ ಬೇಡ, ದೋಣಿ ಸೇತುವೆ ಕೆಳಗೆ ನುಸುಳುವುದಿಲ್ಲ.

ಕಳೆದ ವರ್ಷ ಬಂದವರು ಮೂಡಿಗೆರೆಯ ಚಿಕ್ಕಪ್ಪ, ಕಾಫಿ ತೋಟದವರು. ಆ ಕಾಲುವೆ ಪಕ್ಕದ ಹಳೇ ಗೋದಾಮುಗಳು, ಅಂದರೆ ಸ್ಪೈಶರ್‌ಸ್ಟಾಟ್, ಅವರಿಗೆ ಥಟ್ಟನೆ ಅರ್ಥವಾದವು. ಒಂದು ಮಗ್ಗುಲಿಗೆ ನೀರು, ಇನ್ನೊಂದಕ್ಕೆ ರಸ್ತೆ. ದೋಣಿಯಿಂದ ಮೂಟೆಯನ್ನು ರಾಟೆಯಲ್ಲಿ ಸೀದಾ ಮಹಡಿಗೆ ಎಳೆಯುತ್ತಿದ್ದರು. ಕಾಫಿ, ಟೀ, ಮಸಾಲೆ ಎಲ್ಲ ಸುಂಕ ಕಟ್ಟದೆ ಇಲ್ಲೇ ಇಡಬಹುದಿತ್ತು. 1888ರಲ್ಲಿ ಹ್ಯಾಂಬರ್ಗ್ ಜರ್ಮನಿಯ ಸುಂಕದ ಗಡಿಯೊಳಗೆ ಸೇರಿತು, ಬಂದರಿನ ಒಂದು ಭಾಗವನ್ನು ಮಾತ್ರ ಹೊರಗೇ ಉಳಿಸಿಕೊಂಡಿತು. ವ್ಯಾಪಾರಿಗಳ ಊರು, ಅಲ್ವಾ!

ಅಲ್ಲಿನ ಮ್ಯೂಸಿಯಂನಲ್ಲಿ ಮೂಟೆಗೆ ಚುಚ್ಚಿ ಬೀಜದ ಸ್ಯಾಂಪಲ್ ತೆಗೆಯುವ ಕೊಳವೆ ಇದೆ. "ಅಯ್ಯೋ, ಇದು ನಮ್ಮ ಕ್ಯೂರಿಂಗ್ ವರ್ಕ್ಸ್‌ನಲ್ಲೂ ಇದೆಯಲ್ಲೋ!" ಅಂದರು.

"ಇದಕ್ಕೆ ಮುಂಚೆ ಈ ಜಾಗದಲ್ಲಿ ಏನಿತ್ತೋ?" ಅಂತ ಆಮೇಲೆ ಕೇಳಿದರು. ಬೇರೆ ಯಾರೂ ಕೇಳಿರಲಿಲ್ಲ. ಮನೆಗಳಿದ್ದವು. 1883ರಿಂದ ಸುಮಾರು 20,000 ಜನರನ್ನು ಒಕ್ಕಲೆಬ್ಬಿಸಿದರು. ಬಂದರಿನ ಕೂಲಿ ಬಿಟ್ಟು ದೂರ ಹೋಗಲಾಗದವರು ಹತ್ತಿರದ ಇಕ್ಕಟ್ಟು ಗಲ್ಲಿಗಳಲ್ಲೇ ತುಂಬಿಕೊಂಡರು. 1892ರಲ್ಲಿ ಕಾಲರಾ ಬಂತು. ಊರು ಎಲ್ಬೆಯ ನೀರನ್ನು ಸೋಸದೆ ಕುಡಿಯುತ್ತಿತ್ತು. 8,600ಕ್ಕೂ ಹೆಚ್ಚು ಜನ ಸತ್ತರು. ಪಕ್ಕದ ಆಲ್ಟೋನ ಆಗ ಬೇರೆಯೇ ಊರು, ಅಲ್ಲಿ ಮರಳಿನಲ್ಲಿ ಸೋಸಿ ಬಿಡುತ್ತಿದ್ದರು. ರೋಗ ಅಲ್ಲಿ ಅಷ್ಟಾಗಿ ಹಬ್ಬಲಿಲ್ಲ. ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ 1911ರ ಎಲ್ಬೆ ಸುರಂಗದಲ್ಲಿ ನದಿಯಡಿ ನಡೆಸಿದೆ. ವಾಪಸ್ ಬಂದು 62ನೇ ನಂಬರ್ ಫೆರಿ ಹತ್ತಿಸಿದೆ. ಅದಕ್ಕೆ ಬಸ್ಸಿನ ಟಿಕೆಟ್ಟೇ ಸಾಕು, ದುಬಾರಿ ಟೂರ್ ಸುಮ್ನೆ ದಂಡ.

ಕೊನೆಗೆ ಕಾಫಿ ಕುಡಿಸಿದೆ. "ಬೀಜ ಒಳ್ಳೇದೇ," ಅಂದರು. "ಹಾಲು ಯಾಕೆ ತಣ್ಣಗೆ ಕೊಡ್ತಾರೆ?"