ಏನೂ ಗೊತ್ತಿಲ್ಲದ ನಾಯಕನನ್ನು ಬರೆದದ್ದು

ಕಾಲೇಜಿನಲ್ಲಿದ್ದಾಗ ಬಾಡಿಗೆ ಲೈಬ್ರರಿಯಿಂದ ಮಿಲ್ಸ್ ಅಂಡ್ ಬೂನ್ ಪ್ರೇಮಕಾದಂಬರಿ ತಂದು ಓದುತ್ತಿದ್ದೆ. ನಾನು ಓದಿದವುಗಳಲ್ಲೆಲ್ಲ ಗಂಡಿಗೆ ಎಲ್ಲ ಗೊತ್ತಿರುತ್ತಿತ್ತು, ಹೆಣ್ಣಿಗೆ ಮಾತ್ರ ಮೊದಲ ಸಲ. ಆಮೇಲೆ ಡಯಾನಾ ಗ್ಯಾಬಲ್ಡನ್ ಅವರ ‘ಔಟ್‌ಲ್ಯಾಂಡರ್’ (1991) ಸಿಕ್ಕಿತು. ಅಲ್ಲಿ ನಾಯಕ ಜೇಮೀಗೆ ಮದುವೆಯ ರಾತ್ರಿಯೇ ಮೊದಲು. ನಾಯಕಿ ಕ್ಲೇರ್ ವಯಸ್ಸಿನಲ್ಲಿ ದೊಡ್ಡವಳು, ಮೊದಲೇ ಮದುವೆಯಾದವಳು. ಕತ್ತಿ ಹಿಡಿಯುವ ಗಂಡು ಅವಳಿಂದ ಕಲಿಯುತ್ತಾನೆ. ಅದರಿಂದ ಅವನೇನೂ ಸಣ್ಣವನಾಗುವುದಿಲ್ಲ. ಕೋರ್ಟ್ನಿ ಮಿಲನ್ ಅವರ ‘ಅನ್‌ಕ್ಲೇಮ್ಡ್’ (2011) ನಾಯಕನದು ತಾನೇ ಆರಿಸಿಕೊಂಡ ಬ್ರಹ್ಮಚರ್ಯ. ಗಂಡಸರು ಹೇಗೆ ಶುದ್ಧರಾಗಿರಬೇಕು ಅಂತ ಪುಸ್ತಕವನ್ನೇ ಬರೆದವನು ಅವನು.

ನನ್ನ ಕಾದಂಬರಿಯ ನಾಯಕ ವ್ರತ ಹಿಡಿದವನಲ್ಲ. ಶಿರಸಿ ಕಡೆಯ ಅಡಿಕೆ ಬೆಳೆಗಾರ, ವಯಸ್ಸು 34. ಹೆಣ್ಣು ಸಿಕ್ಕಿಲ್ಲ, ಅಷ್ಟೇ. ಊರಿನ ಹುಡುಗಿಯರು ಓದಿ ಬೆಂಗಳೂರು ಸೇರಿದ್ದಾರೆ. ತೋಟದ ಮನೆ ಅಂದರೆ ಜಾತಕವೇ ವಾಪಸ್. ನಾಯಕಿ ವಿಚ್ಛೇದನವಾದವಳು.

ಮೊದಲ ಕರಡಿನಲ್ಲಿ, ಬಾಗಿಲು ಹಾಕಿದ ಕೂಡಲೇ ಅವನಿಗೆ ಎಲ್ಲ ಬಂದುಬಿಟ್ಟಿತು. ಓದಿದ ಗೆಳತಿ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಳು: “ಎಲ್ಲಿ ಕಲಿತ ಇವನು?” ಹನ್ನೊಂದು ಪುಟ ಹೊಡೆದುಹಾಕಿದೆ.

ಎರಡನೆಯದು ಇನ್ನೂ ಕೆಟ್ಟದು. ಅವನು ಬೆವರಿದ, ತೊದಲಿದ, ಲೋಟ ಬೀಳಿಸಿದ. ಓದಿದರೆ ನಗು ಬರುತ್ತಿತ್ತು. ನನಗೆ ಸಂಕಟವಾಯಿತು. ಇಂಥವರು ನಮ್ಮ ನೆಂಟರಲ್ಲೇ ಇದ್ದಾರೆ. ಯಾರ ಮದುವೆಗೆ ಹೋದರೂ “ನಿಂದು ಯಾವಾಗ ಊಟ?” ಅಂತ ಕೇಳಿಸಿಕೊಂಡು, ನಕ್ಕು, ಬಡಿಸೋಕೆ ಬಕೆಟ್ ಹಿಡಿದು ಹೋಗುವವರು. ನನ್ನ ಪುಸ್ತಕವೂ ಅವರನ್ನು ನೋಡಿ ನಗಬೇಕಾ?

ಮೂರನೇ ಸಲ, ಅವನಿಗೆ ಏನು ಗೊತ್ತಿದೆ ಅಂತ ಕೂತು ಯೋಚಿಸಿದೆ. ಮರದ ಬುಡದಲ್ಲಿ ನಿಂತು ಅಡಿಕೆಯ ಕೊನೆ, ಅಂದರೆ ಗೊನೆ, ಬಲಿತಿದೆಯಾ ಅಂತ ಹೇಳಬಲ್ಲ. ಮಳೆ ಬಿಡುವವರೆಗೆ ಕಾಯಬಲ್ಲ. ಹಾಸಿಗೆ ಹಿಡಿದ ಅಪ್ಪನನ್ನು ನೋವಾಗದಂತೆ ಎತ್ತಿ ಕೂರಿಸಿದವನು. ಈ ಕೈಗಳಿಗೆ ಅವಸರವಿಲ್ಲ. ಅಲ್ಲಿಂದ ದೃಶ್ಯ ಬಂತು. “ನನಗೆ ಇದೆಲ್ಲ ಹೊಸದು. ಬೇಡ ಅನ್ನಿಸಿದರೆ ಹೇಳಿಬಿಡಿ” ಅನ್ನುತ್ತಾನೆ. ಅವಳು ತುಂಬಾ ಹೊತ್ತು ಸುಮ್ಮನಿರುತ್ತಾಳೆ. ಹಿಂದಿನ ಐದು ವರ್ಷದ ಸಂಸಾರದಲ್ಲಿ ಅವಳನ್ನು ಯಾರೂ ಒಮ್ಮೆಯೂ ಕೇಳಿರಲಿಲ್ಲ. ಅವನ ಗೊತ್ತಿಲ್ಲದಿರುವಿಕೆಯೇ ಅವಳಿಗೆ ಮಾತು ಕೊಟ್ಟಿತು. ಈ ಕಥೆ ಬರೆಯಬೇಕು ಅನ್ನಿಸಿದ್ದು ಯಾಕೆ ಅಂತ ನನಗೆ ತಿಳಿದದ್ದೂ ಅಲ್ಲೇ.

ಆ ರಾತ್ರಿಗೆ ಒಂದೂವರೆ ಪುಟ ಸಾಕಾಯಿತು, ಅದರಲ್ಲೂ ಮಾತೇ ಜಾಸ್ತಿ. ಮುಂದಿನ ಅಧ್ಯಾಯಗಳಲ್ಲಿ ಅವನನ್ನು ದಿಢೀರನೆ ನಿಪುಣ ಮಾಡದಂತೆ ಎಚ್ಚರ ವಹಿಸಿದೆ. ಕೊನೆಕೊಯ್ಲು ಮುಗಿಯುವ ಹೊತ್ತಿಗೂ ಅವನು ಕೇಳುತ್ತಲೇ ಇದ್ದಾನೆ. ಅವಳು ಈಗ ಉತ್ತರಕ್ಕೆ ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ.