ಫ್ರಿಜ್ ಇದ್ರೆ ಸಾಲ್ದು, ಸರಿಯಾಗಿ ಇಟ್ಕೋಬೇಕು

ಒಳಗೆ 4 ಡಿಗ್ರಿ ಆಸುಪಾಸು ಇರ್ಬೇಕು, ಫ್ರೀಜರಲ್ಲಿ ಮೈನಸ್ 18. ಡಯಲ್ ಮೇಲಿರೋ ನಂಬರ್ ಡಿಗ್ರಿ ಅಲ್ಲ, ಅದಕ್ಕೇ ಒಂದು ಲೋಟ ನೀರಲ್ಲಿ ಫ್ರಿಜ್ ಥರ್ಮಾಮೀಟರ್ ಇಟ್ಟು ರಾತ್ರಿಯಿಡೀ ಮಧ್ಯದಲ್ಲಿ ಬಿಟ್ಟು ಬೆಳಿಗ್ಗೆ ನೋಡಿ, ನಿಜ ಗೊತ್ತಾಗತ್ತೆ.

ಹಳೇ ಥರದ ಸಿಂಗಲ್ ಡೋರ್ ಆದ್ರೆ ಐಸ್ ಅರ್ಧ ಸೆಂಟಿಮೀಟರ್ ಕಟ್ಟೋಷ್ಟರಲ್ಲಿ ಡಿಫ್ರಾಸ್ಟ್ ಮಾಡ್ಬಿಡಿ. ದಯವಿಟ್ಟು ಚಾಕು ಹಾಕಿ ಕೆರೀಬೇಡಿ! ನಮ್ಮಮ್ಮ ಒಂದ್ಸಲ ಅಂಟ್ಕೊಂಡಿದ್ದ ಹಾಲಿನ ಪ್ಯಾಕೆಟ್ ಎಬ್ಬಿಸೋಕೆ ಚಾಕು ತುದಿ ಹಾಕಿದ್ರು, ಬುಸ್ ಅಂತ ಸದ್ದು ಬಂತು, ಅಷ್ಟೇ, ಗ್ಯಾಸೆಲ್ಲಾ ಹೋಯ್ತು. ಈಗಿನ ಸುಮಾರು ಫ್ರಿಜ್‌ಗಳಲ್ಲಿ ಇರೋದು ಆರ್600ಎ, ಅದು ಬೆಂಕಿ ಹತ್ತೋ ಗ್ಯಾಸ್, ಹಂಗೇನಾದ್ರೂ ಆದ್ರೆ ಕಿಟಕಿ ಬಾಗಿಲು ತೆಗೀರಿ, ಒಲೆ ಹಚ್ಬೇಡಿ, ಅಲ್ಲಿರೋ ಯಾವ ಸ್ವಿಚ್ಚೂ ಮುಟ್ಬೇಡಿ.

ಉಳಿದ ಅನ್ನ, ಸಾರು 2 ಗಂಟೆ ಒಳಗೆ ಒಳಗಿಡಿ, ದೊಡ್ಡ ಪಾತ್ರೇಲಿ ಇದ್ರೆ ಸಣ್ಣ ಸಣ್ಣ ಡಬ್ಬಿಗೆ ಹಾಕಿದ್ರೆ ಬೇಗ ಆರತ್ತೆ, ರಾಯಚೂರು ಕಲಬುರಗಿ ಬಿಸಿಲಲ್ಲಂತೂ 1 ಗಂಟೆಗಿಂತ ಜಾಸ್ತಿ ಹೊರಗೆ ಬಿಡ್ಲೇಬೇಡಿ. ದೋಸೆ ಹಿಟ್ಟು ಉಬ್ಬಿದ ತಕ್ಷಣ ಇಟ್ರೆ ಹುಳಿ ನಿಧಾನ ಆಗತ್ತೆ. ಹಸಿ ಮೀನು, ಚಿಕನ್ ಯಾವಾಗ್ಲೂ ಮುಚ್ಚಿ ಕೆಳಗಿನ ಶೆಲ್ಫಲ್ಲಿ, ನೀರು ಬೇರೇದಕ್ಕೆ ಸೋರಬಾರ್ದು.

ಬಾಗಿಲಿನ ರಬ್ಬರ್ ಮಧ್ಯೆ ಹತ್ತು ರೂಪಾಯಿ ನೋಟ್ ಇಟ್ಟು ಮುಚ್ಚಿ ಎಳೀರಿ, ಸಲೀಸಾಗಿ ಬಂದ್ರೆ ರಬ್ಬರ್ ಸಡಿಲ ಆಗಿದೆ, ಕರೆಂಟ್ ಸುಮ್ನೆ ಖರ್ಚಾಗ್ತಿದೆ ಅಂತರ್ಥ. ಮೊದ್ಲು ಸೋಪ್ ನೀರಲ್ಲಿ ಒರೆಸಿ ನೋಡಿ, ಎಷ್ಟೋ ಸಲ ಜಿಡ್ಡೇ ಕಾರಣ. ಹಿಂದೆ ಗೋಡೆಗೆ ಅಂಟಿಸ್ಬೇಡಿ, ಗಾಳಿ ಆಡ್ಲಿ.

ಕರೆಂಟ್ ಹೋದ್ರೆ ಬಾಗಿಲು ತೆಗೀದೇ ಇದ್ರೆ ಸುಮಾರು 4 ಗಂಟೆ ತಂಪು ಉಳಿಯತ್ತೆ, ಮಕ್ಕಳಿಗೂ ಹೇಳಿಡಿ.